ಚರ್ಮದ ಕೈಹೊಲಿಗೆ: ಹಿಂಬದಿ ಸಾಲು ಯಾಕೆ ಅಂಕುಡೊಂಕು?

ಪ್ರಶ್ನೆ: ಬೆಲ್ಟಿಗೆ ಒಂದೇ ಮೇಣದ ದಾರ, ಎರಡು ತುದಿಗೂ ಸೂಜಿ ಪೋಣಿಸಿ ಹೊಲಿಯುತ್ತಿದ್ದೇನೆ. ಮುಂಬದಿ ಚೆಂದ ಬರುತ್ತೆ, ಹಿಂದೆ ತೂತುಗಳೇ ಸಾಲು ತಪ್ಪುತ್ತವೆ.

ಉತ್ತರ: ಅದು ದಾರದ ತಪ್ಪಲ್ಲರೀ, ಆರಿದು, ಅಂದ್ರ ಚರ್ಮಕ್ಕ ತೂತು ಹಾಕೋ ಚೂಪು ಮೊನಿ ಸಾಧನದ್ದು. ಅದನ್ನ ನೆಟ್ಟಗ ಹಿಡೀರಿ. ಚೂರು ವಾಲಿದ್ರೂ ದಪ್ಪ ಚರ್ಮದಾಗ ಹಿಂದ ಎಲ್ಲೋ ಹೊರಬೀಳ್ತೈತಿ. ಇನ್ನೊಂದು, ಪ್ರತಿ ತೂತಿಗೂ ಅದೇ ಕ್ರಮ ಇರ್ಲಿ: ಮೊದಲ ಎಡಗೈ ಸೂಜಿ, ಆಮ್ಯಾಲ ಬಲಗೈದು, ಅದೂ ಮೊದಲನೇ ದಾರದ ಒಂದೇ ಮಗ್ಗಲಿಗೆ. ಒಮ್ಮೆ ಬದಲಾತಂದ್ರ ಆ ಹೊಲಿಗಿ ಓರೆ ಬಿಟ್ಟು ಬ್ಯಾರೆನ ಕಾಣ್ತೈತಿ. ಎರಡನೇ ಸೂಜಿ ಹಾಕುವಾಗ ಮೊದಲನೇ ದಾರ ಹಿಂದಕ್ಕ ಜಗ್ಗಿ ನೋಡ್ರಿ. ಸರಿದಾಡಿದ್ರ ಸೂಜಿ ದಾರ ಚುಚ್ಚಿಲ್ಲ.

ಇನ್ನೊಬ್ಬರು: ಎರಡೂ ಕೈ ಒಂದೇ ಬಿಗಿಯಲ್ಲಿ ಎಳೆಯಬೇಕು, ಇದು ಬಹಳ ಮುಖ್ಯ. ಸೂಜಿ ಮೊಂಡು ತುದಿಯದ್ದೇ ಇರಲಿ.

ಪ್ರಶ್ನೆ: ದಾರ ಎಷ್ಟುದ್ದ ಬೇಕು?

ಉತ್ತರ: ಸಾಲಿನ ನಾಕು ಪಟ್ಟು. ಚರ್ಮ ದಪ್ಪ ಇದ್ರ ಇನ್ನೊಂದು ಮೊಳ ಹೆಚ್ಚಿಗೆ ತಗೋರಿ.