ಬೀಳು ಹೊಲದ ತುಂಬ ಕಾಂಗ್ರೆಸ್ ಕಸ: ಕಿತ್ತಷ್ಟೂ ಜಾಸ್ತಿ ಆಗ್ತಿದೆ, ಏನು ಮಾಡಲಿ?

ಕೆಂಗುರಿ ಹಟ್ಟಿ, ಕುಷ್ಟಗಿ
ಜೂನ್ 20

ಎಲ್ಲರಿಗೂ ನಮಸ್ಕಾರ. ಕುಷ್ಟಗಿ ತಾಲ್ಲೂಕಿನಲ್ಲಿ ನಮ್ಮದು ಮೂರು ಎಕರೆ ಮಸಾರಿ ಬೀಳು ಇದೆ. ನಲವತ್ತು ಕೆಂಗುರಿಗಳಿಗೆ ಅದೇ ಆಧಾರ. ಮೊದಲೆಲ್ಲ ಮಳೆ ಬಿದ್ದ ಮೇಲೆ ಮೊಣಕಾಲುದ್ದ ಹುಲ್ಲು ಬರುತ್ತಿತ್ತು. ಮೂರು ವರ್ಷದಿಂದ ಬರೀ ಕಾಂಗ್ರೆಸ್ ಕಸ. ಬಿಳಿ ಹೂವು ಕಂಡ ಕೂಡಲೇ ಆಳು ಹಚ್ಚಿ ಕೀಳಿಸುತ್ತೇನೆ. ಹೋದ ವರ್ಷ ಒಂದು ಮರಿ ಮಾರಿದ ರೊಕ್ಕ ಪೂರ್ತಿ ಕೂಲಿಗೇ ಹೋಯಿತು. ಈ ಸಲ ಮಿರಗಾ ಮಳೆ ಒಂದು ಹದ ಬಿದ್ದದ್ದೇ ತಡ, ಮತ್ತೆ ಎದ್ದು ಕೂತಿದೆ. ಕುರಿಗಳು ಮೂಸಿ ನೋಡಿ ಮುಂದೆ ಹೋಗುತ್ತವೆ. ಬೇಸಿಗೆಯಲ್ಲಿ ಒಣಗಿದ ಮೇಲೆ ಒಮ್ಮೆ ಬೆಂಕಿ ಹಚ್ಚಿಬಿಡಲಾ?

ಬಿಸಿಲೂರು, ಬಳ್ಳಾರಿ
ಜೂನ್ 20

ಅಣ್ಣಾರೆ, ಉಪ್ಪಿನ ನೀರು ಹೊಡೆಯಿರಿ. ಹತ್ತು ಲೀಟರಿಗೆ ಎರಡು ಕಿಲೋ. ನಮ್ಮ ಮನೆ ಕಂಪೌಂಡಲ್ಲಿ ಎರಡೇ ದಿನಕ್ಕೆ ಸುಟ್ಟು ಹೋಯಿತು.

ಎರಿ ಹೊಲ, ಸಿಂಧನೂರು
ಜೂನ್ 21

ಕಂಪೌಂಡಿಗೆ, ರಸ್ತೆ ಬದಿಗೆ ಉಪ್ಪು ಸರಿ. ಮೂರು ಎಕರೆಗೆ ಹೊಡೆದರೆ ಕಸದ ಜೊತೆ ಮಣ್ಣೂ ಹೋಗುತ್ತದೆ. ಸಿಂಧನೂರಿನವನಾಗಿ ಉಪ್ಪು ಎದ್ದ ಹೊಲ ಏನು ಅಂತ ನನಗೆ ಗೊತ್ತು, ಬೇಡ.

ಕುಷ್ಟಗಿಯವರೇ, ಮೊದಲು ಮೂರು ವಿಷಯ ಹೇಳಿ. ಕಿತ್ತ ಕಸ ಎಲ್ಲಿ ಹಾಕುತ್ತೀರಿ? ಬೇರು ಸಮೇತ ಬರುತ್ತದಾ, ಅಥವಾ ಕುಡುಗೋಲಲ್ಲಿ ಕೊಯ್ಯುತ್ತೀರಾ? ಕುರಿ ವರ್ಷಪೂರ್ತಿ ಅಲ್ಲೇ ಮೇಯುತ್ತವಾ?

ಕೆಂಗುರಿ ಹಟ್ಟಿ, ಕುಷ್ಟಗಿ
ಜೂನ್ 21

ಕಿತ್ತದ್ದು ತಿಪ್ಪೆಗೆ ಹಾಕುತ್ತೇವೆ. ಹುಲ್ಲು ಚೆನ್ನಾಗಿ ಬರಲಿ ಅಂತ ಹೋದ ಬೇಸಿಗೆಯಲ್ಲಿ ಅದೇ ತಿಪ್ಪೆಯಿಂದ ಎರಡು ಟ್ರ್ಯಾಕ್ಟರ್ ಗೊಬ್ಬರ ಬೀಳಿಗೇ ಹೊಡೆಸಿದ್ದೆ. ನೆಲ ಗಟ್ಟಿ ಇದ್ದ ಕಡೆ ಕೊಯ್ಯುತ್ತೇವೆ. ಕುರಿ ವರ್ಷಪೂರ್ತಿ ಅಲ್ಲೇ, ಬೇರೆ ಎಲ್ಲಿಗೆ ಹೊಡೆಯೋದು?

ಎರಿ ಹೊಲ, ಸಿಂಧನೂರು
ಜೂನ್ 22

ಸಿಕ್ಕಿತು ನೋಡಿ. ಕಳ್ಳ ನಿಮ್ಮ ತಿಪ್ಪೆಯಲ್ಲೇ ಇದ್ದಾನೆ.

ಬೇಜಾರಾಗಬೇಡಿ, ನಾನೂ ಇದೇ ತಪ್ಪು ಮಾಡಿದವನು. ಈ ಗಿಡ ಮೊಳಕೆಯೊಡೆದು ನಾಲ್ಕರಿಂದ ಆರು ವಾರಕ್ಕೆ ಹೂ ಬಿಡುತ್ತದೆ. ಒಳ್ಳೆ ಬೆಳೆದ ಒಂದೇ ಗಿಡದಲ್ಲಿ 15,000ಕ್ಕೂ ಜಾಸ್ತಿ ಬೀಜ. ನೀವು ಹೂವು ಕಂಡ ಮೇಲೆ ಕೀಳಿಸುತ್ತೀರಿ. ಅಷ್ಟು ಹೊತ್ತಿಗೆ ಕೆಳಗಿನ ಬೀಜ ಬಲಿತಿರುತ್ತದೆ. ಅದನ್ನು ತಿಪ್ಪೆಗೆ ಹಾಕಿ, ತಿಪ್ಪೆಯನ್ನು ಹೊಲಕ್ಕೆ ಹಾಕಿ, ನೀವೇ ಬಿತ್ತನೆ ಮಾಡಿದ ಹಾಗಾಯಿತು. ಕೊಯ್ದ ಗಿಡವೂ ಬುಡದಿಂದ ಮತ್ತೆ ಚಿಗುರುತ್ತದೆ. ಮಣ್ಣೊಳಗೆ ಹೂತ ಬೀಜ ಕೆಲವು ವರ್ಷ ಜೀವ ಹಿಡಿದು ಕೂತಿರುತ್ತದೆ. ಹಾಗಾಗಿ ಒಂದು ಮಳೆಗಾಲದಲ್ಲಿ ಮುಗಿಯುವ ಕೆಲಸ ಇದಲ್ಲ.

ಈಗ ಎಳೆ ಗಿಡ ಗಜ್ಜರಿ ಎಲೆಯ ಹಾಗೆ ನೆಲಕ್ಕೆ ಅಂಟಿಕೊಂಡಿರಬೇಕು, ಅಲ್ವಾ? ಕೀಳುವ ಹೊತ್ತು ಇದೇ. ಮಳೆ ಬಂದ ಮರುದಿನ, ನೆಲ ಮೆತ್ತಗಿದ್ದಾಗ ಕುರ್ಪಿ ಹಿಡಿದು ಬೇರು ಸಮೇತ ಎಬ್ಬಿಸಿ. ಹೂ ಬಿಡದ ಗಿಡವನ್ನು ಗುಂಡಿಯಲ್ಲಿ ಸಗಣಿ ಜೊತೆ ಕೊಳೆಸಿದರೆ ಒಳ್ಳೆ ಗೊಬ್ಬರ. ಹೂ ಬಿಟ್ಟದ್ದನ್ನು ಮಾತ್ರ ತಿಪ್ಪೆ ಹತ್ತಿರವೂ ತರಬೇಡಿ. ಆಳುಗಳ ಕೈಗೆ ಗ್ಲೌಸ್ ಕೊಡಿ, ತುಂಬುತೋಳಿನ ಅಂಗಿ ಹಾಕಿಸಿ. ಒಮ್ಮೆ ಮೈಗೆ ಒಗ್ಗದಂತೆ ಆದರೆ ಆ ತುರಿಕೆ ಬೇಗ ಬಿಡುವುದಿಲ್ಲ.

ಅದಕ್ಕಿಂತ ದೊಡ್ಡ ವಿಷಯ ಕುರಿ. ಅವು ಹುಲ್ಲನ್ನು ಬುಡದವರೆಗೆ ಮೇಯುತ್ತವೆ, ಕಸವನ್ನು ಬಿಡುತ್ತವೆ. ಬರಿದಾದ ನೆಲ ಕಸಕ್ಕೆ ಸಿಗುತ್ತದೆ. ಸುಮ್ನೆ ಕಿತ್ತು ಖಾಲಿ ಬಿಟ್ಟರೆ ಅದೇ ಬರುವುದು. ಒಂದು ಎಕರೆಗೆ ಬೇಲಿ ಕಟ್ಟಿ, ಕಿತ್ತ ಜಾಗಕ್ಕೆ ಅಂಜನ ಹುಲ್ಲು ಮತ್ತು ಸ್ಟೈಲೋ ಅನ್ನುವ ದ್ವಿದಳ ಮೇವು ಹಾಕಿ. ಅಂಜನದ ಬೀಜ ಎಕರೆಗೆ ಎರಡು ಕಿಲೋ ಸಾಕು. ಹತ್ತಿಯ ಹಾಗೆ ಹಗುರ, ಗಾಳಿಗೆ ಹಾರುತ್ತದೆ. ಹಸಿ ಮಣ್ಣಲ್ಲಿ ಕಲಸಿ ಚೆಲ್ಲಿ, ಆಳಕ್ಕೆ ಹೂಳಬೇಡಿ. ಈಗಷ್ಟೇ ಕೊಯ್ದ ಬೀಜ ಸರಿಯಾಗಿ ಮೊಳೆಯುವುದಿಲ್ಲ, ಹಳೇ ಬೀಜ ಕೇಳಿ ತನ್ನಿ. ಧಾರವಾಡದ ಮೇವು ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಿ. ಬೇಲಿ ಗುಂಟ ತಗಚೆ ಬೀಜ ಚೆಲ್ಲಿದರೆ ಅದೂ ಕಾಂಗ್ರೆಸ್ಸನ್ನು ಒತ್ತಿ ಹಿಡಿಯುತ್ತದೆ. ಮೊದಲ ವರ್ಷ ಹುಲ್ಲು ಬೀಜ ಉದುರಿಸುವವರೆಗೆ ಒಂದು ಕುರಿಯನ್ನೂ ಒಳಗೆ ಬಿಡಬೇಡಿ.

ಪುಸ್ತಕದ ಹುಳ, ಗಂಗಾವತಿ
ಜೂನ್ 22

ಬೆಂಕಿ ಬಗ್ಗೆ ಯಾರೂ ಹೇಳಲಿಲ್ಲ. ದಯವಿಟ್ಟು ಹಚ್ಚಬೇಡಿ. ಅಳಿದುಳಿದ ಹುಲ್ಲಿನ ಬುಡ ಸುಡುತ್ತದೆ, ಮಣ್ಣೊಳಗಿನ ಬೀಜ ಉಳಿಯುತ್ತದೆ. ಮೊದಲ ಮಳೆಗೆ ಖಾಲಿ ನೆಲದಲ್ಲಿ ಯಾರು ಮೊದಲು ಏಳುತ್ತಾರೆ ಹೇಳಿ?

ಅಮೆರಿಕದ ಪಶ್ಚಿಮದ ಒಣ ಸೀಮೆಯಲ್ಲಿ ಇದೇ ಗೋಳು. ಅಲ್ಲಿನದು ನಿಜವಾದ ಹುಲ್ಲು, ಚೀಟ್‌ಗ್ರಾಸ್. 1800ರ ದಶಕಗಳ ಕೊನೆಗೆ ಯುರೋಪ್-ಏಷ್ಯಾ ಕಡೆಯಿಂದ ಬಂದದ್ದು. ಅತಿಯಾಗಿ ಮೇಯಿಸಿದ ಜಾಗಗಳಲ್ಲಿ ಬೇರೂರಿತು. ಬೇಸಿಗೆಯ ಶುರುವಿಗೇ ಒಣಗಿ ಉರಿಯಲು ತಯಾರಾಗಿರುತ್ತದೆ. ಅಲ್ಲಿನ ಸೇಜ್‌ಬ್ರಷ್ ಪೊದೆ ಒಮ್ಮೆ ಸುಟ್ಟರೆ ಬುಡದಿಂದ ಚಿಗುರುವುದಿಲ್ಲ. ಹುಲ್ಲಿನ ಬೀಜ ಮಾತ್ರ ಸಾಕಷ್ಟು ಉಳಿದು ಮತ್ತೆ ಮೊಳೆಯುತ್ತದೆ. ಮತ್ತೆ ಹುಲ್ಲು, ಮತ್ತೆ ಬೆಂಕಿ. ಎಷ್ಟೋ ದಶಕಕ್ಕೊಮ್ಮೆ ಬೀಳುತ್ತಿದ್ದ ಬೆಂಕಿ ಈಗ ಕೆಲವೇ ವರ್ಷಕ್ಕೊಮ್ಮೆ ಬೀಳುವ ಜಾಗಗಳಿವೆ. ನಮ್ಮ ಕಸ ಬೇರೆ, ಆದರೆ ಖಾಲಿ ನೆಲದ ಲೆಕ್ಕ ಒಂದೇ.

ಬಿಸಿಲೂರು, ಬಳ್ಳಾರಿ
ಜೂನ್ 23

ಹಾಗಾದರೆ ಟು-ಫೋರ್-ಡಿ ಕಳೆನಾಶಕ ಹೊಡೆಯಲಿ? ಅದು ಹುಲ್ಲಿಗೆ ಏನೂ ಮಾಡಲ್ಲ.

ಎರಿ ಹೊಲ, ಸಿಂಧನೂರು
ಜೂನ್ 23

ಹುಲ್ಲು ಬಿಡುತ್ತದೆ, ನಿಜ. ಸ್ಟೈಲೋ ಉಳಿಯುವುದಿಲ್ಲ, ತಗಚೆಯೂ ಅಷ್ಟೇ. ಪಕ್ಕದಲ್ಲಿ ಹತ್ತಿ ಇದ್ದರೆ ಗಾಳಿಯಲ್ಲಿ ಹೋದ ಹನಿಗೇ ಎಲೆ ಮುದುಡಿ ಜಗಳ ಶುರುವಾಗುತ್ತದೆ. ಅದೂ ಅಲ್ಲದೆ ಅದು ಕುರಿ ತಿರುಗುವ ಜಾಗ.

ಕೆಂಗುರಿ ಹಟ್ಟಿ, ಕುಷ್ಟಗಿ
ಆಗಸ್ಟ್ 30

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಒಂದು ಎಕರೆಯಲ್ಲಿ ಮಾತ್ರ ಮಾಡಿದೆ. ಎರಡು ಸಲ ಕುರ್ಪಿ ಆಡಿಸಿದೆವು, ಮೂರನೇ ಸಲಕ್ಕೆ ಮನೆಯವರೇ ಸಾಕಾದೆವು. ಅಂಜನ ಅಲ್ಲಲ್ಲಿ ಎದ್ದಿದೆ, ತಗ್ಗಿನಲ್ಲಿ ಚೆನ್ನಾಗಿದೆ, ದಿಬ್ಬದ ಮೇಲೆ ಬೋಳು. ಉಳಿದ ಎರಡು ಎಕರೆ ಹಾಗೇ ಇದೆ.

ಆ ಎರಡು ಎಕರೆಯಲ್ಲಿ ಒಂದು ಹುಳ ನೋಡಿದೆ. ಬೆಳ್ಳಗಿನ ಬೆನ್ನು, ಮೇಲೆ ಕಂದು ಗೆರೆ, ಕಡಲೆ ಕಾಳಿಗಿಂತ ಸಣ್ಣದು. ಕಾಂಗ್ರೆಸ್ ಎಲೆಯನ್ನು ಜಾಲರಿ ಮಾಡಿದೆ. ಕೊಲ್ಲಬೇಕಾ? ಪಕ್ಕದಲ್ಲಿ ಸೂರ್ಯಕಾಂತಿ ಇದೆ.

ಪುಸ್ತಕದ ಹುಳ, ಗಂಗಾವತಿ
ಆಗಸ್ಟ್ 30

ಅಯ್ಯೋ, ಕೊಲ್ಲಬೇಡಿ! ಅದು ಮೆಕ್ಸಿಕೋದಿಂದ ತರಿಸಿ, 1984ರಲ್ಲಿ ಬೆಂಗಳೂರಲ್ಲಿ ಬಿಟ್ಟ ದುಂಬಿಯ ಸಂತಾನ. ಮರಿಯೂ ತಿನ್ನುತ್ತದೆ, ದೊಡ್ಡದೂ ತಿನ್ನುತ್ತದೆ. ಸೂರ್ಯಕಾಂತಿ ತಿನ್ನುತ್ತದೆ ಅಂತ ಹಿಂದೆ ದೊಡ್ಡ ಗಲಾಟೆ ಆಗಿತ್ತು. ಪರೀಕ್ಷೆ ಮಾಡಿದವರು ಅದು ಬೆಳೆಗೆ ಪೀಡೆಯಲ್ಲ ಅಂದರು. ಮಳೆ ಮುಗಿದ ಮೇಲೆ ಮಣ್ಣೊಳಗೆ ಮಲಗುತ್ತದೆ, ಹಾಗಾಗಿ ಬೇಸಿಗೆಯಲ್ಲಿ ನೀರಿನ ಪಸೆಗೆ ಬರುವ ಕಸವನ್ನು ನೀವೇ ನೋಡಿಕೊಳ್ಳಬೇಕು.

ಕೆಂಗುರಿ ಹಟ್ಟಿ, ಕುಷ್ಟಗಿ
ಆಗಸ್ಟ್ 31

ಊರ ಗಾಯರಾಣದಲ್ಲಿ (ಗೋಮಾಳ) ಈ ಹುಳ ಇಲ್ಲ. ಹಿಡಿದು ಅಲ್ಲಿ ಬಿಡಬಹುದಾ?

ಎರಿ ಹೊಲ, ಸಿಂಧನೂರು
ಆಗಸ್ಟ್ 31

ಬಿಡಿ. ಬೆಳಿಗ್ಗೆ ತಂಪಲ್ಲಿ ಹಿಡಿಯಿರಿ, ಡಬ್ಬಿ ಮುಚ್ಚಳಕ್ಕೆ ತೂತು ಹಾಕಿ, ಒಳಗೆ ನಾಲ್ಕು ಕಾಂಗ್ರೆಸ್ ಎಲೆ ಇಡಿ. ಇಪ್ಪತ್ತೋ ಮೂವತ್ತೋ ಅಲ್ಲ, ನೂರಾರು ಬೇಕು. ಶಾಲೆ ಹುಡುಗರನ್ನು ಕರೆದುಕೊಂಡು ಹೋಗಿ, ಆದರೆ ಗಿಡ ಮುಟ್ಟಿಸಬೇಡಿ.