ಬಲೆಯಲ್ಲಿ ಟ್ಯೂನಾ ಉಳೀಬೇಕು, ಡಾಲ್ಫಿನ್ ಹೋಗಬೇಕು: ಹೇಗೆ ಮಾಡ್ತಾರೆ?

ಪ್ರಶ್ನೆ (ಗುಬ್ಬಿ, ಕೆರೆ ಗುತ್ತಿಗೆದಾರರು): ಸಾರ್, ನಮ್ಮ ಕೆರೇಲಿ ಬಲೆ ಎಳೆಯುವಾಗ ಬೆಳ್ಳಿಗೆಂಡೆ ತೇಲುಬೆಂಡು ಹಾರಿ ಆಚೆ ಬೀಳುತ್ತೆ. ಸಮುದ್ರದಲ್ಲಿ ಡಾಲ್ಫಿನ್ ಬಲೆಗೆ ಸಿಕ್ಕಿ ಸಾಯುತ್ತೆ ಅಂತಾರಲ್ಲ, ಅದೂ ಹಾರಬಹುದಲ್ವಾ?

ಉತ್ತರ (ಮೀನುಗಾರಿಕೆ ತಜ್ಞರು): ಹಾರಬಲ್ಲದು, ಆದರೆ ಹಾರೋದು ಅಪರೂಪ. ಬಲೆ ಸುತ್ತಿದ ಮೇಲೆ ಹಿಂಡು ಒಂದೆಡೆ ಮುದುರಿ ನಿಲ್ಲುತ್ತೆ. ಪೂರ್ವ ಪೆಸಿಫಿಕ್‌ನಲ್ಲಿ ಹಳದಿ ರೆಕ್ಕೆಯ ಟ್ಯೂನಾ ಮೀನು ಡಾಲ್ಫಿನ್ ಹಿಂಡಿನ ಕೆಳಗೇ ಈಜುವುದರಿಂದ, ಹಡಗಿನವರು ಹಿಂಡು ನೋಡಿಯೇ ಪರ್ಸೀನ್ ಬಲೆ (ಸುತ್ತುಗಟ್ಟಿ, ತಳವನ್ನು ಹಗ್ಗದಿಂದ ಚೀಲದ ಬಾಯಿಯಂತೆ ಬಿಗಿಯುವ ಬಲೆ) ಬಿಡುತ್ತಾರೆ.

ಬಿಡಿಸೋದಕ್ಕೆ ‘ಬ್ಯಾಕ್‌ಡೌನ್’ ಮಾಡ್ತಾರೆ. ತಳದ ಹಗ್ಗ ಬಿಗಿದು, ಬಲೆಯ ಅರ್ಧಕ್ಕಿಂತ ಹೆಚ್ಚು ಹಡಗಿಗೆ ಎಳೆದುಕೊಂಡು, ಉಳಿದದ್ದನ್ನು ಕಟ್ಟಿ ಹಡಗನ್ನು ಹಿಮ್ಮುಖ ಓಡಿಸುತ್ತಾರೆ. ಬಲೆ ಉದ್ದನೆ ಕಾಲುವೆಯಂತೆ ಚಾಚಿ, ದೂರದ ತುದಿಯ ಬೆಂಡಿನ ಸಾಲು ನೀರಿನ ಎಳೆತಕ್ಕೆ ಮುಳುಗುತ್ತೆ. ಡಾಲ್ಫಿನ್ ಅದರ ಮೇಲಿಂದ ಆಚೆ ಹೋಗುತ್ತೆ. ಟ್ಯೂನಾ ಸಾಮಾನ್ಯವಾಗಿ ಆಳದಲ್ಲಿ, ಹಡಗಿನ ಕಡೆ ಇರುತ್ತೆ. ಅದೂ ಆ ತುದಿಗೆ ನುಗ್ಗಿದರೆ ಎಂಜಿನ್ ತಗ್ಗಿಸಿದರಾಯ್ತು, ಬೆಂಡು ಮೇಲೇಳುತ್ತೆ. ಆ ತುದಿಗೆ ಸುಮಾರು 3.2 ಸೆಂ.ಮೀ. ಕಣ್ಣಿನ ಬಲೆಯನ್ನೇ ಹೊಲಿದಿರಬೇಕು; ಉಳಿದ ಬಲೆಯ ಸುಮಾರು 10.8 ಸೆಂ.ಮೀ. ಕಣ್ಣಿನಲ್ಲಿ ಡಾಲ್ಫಿನ್‌ನ ಮೂತಿ, ರೆಕ್ಕೆ ಸಿಕ್ಕಿಬೀಳುತ್ತೆ. ಉಸಿರಿಗೆ ಮೇಲೆ ಬರಲಾಗದಿದ್ದರೆ ಅಲ್ಲಿಗೆ ಮುಗೀತು. ಕೊನೆಗೆ ಉಳಿದವನ್ನು ನೀರೊಳಗೆ ನೋಡುವ ಮುಖವಾಡ ಹಾಕಿದವರು ತೆಪ್ಪದಲ್ಲಿ ಹೋಗಿ ಕೈಯಿಂದಲೇ ಬಿಡಿಸುತ್ತಾರೆ.

ಪ್ರಶ್ನೆ (ತುಮಕೂರು): ಇಷ್ಟೆಲ್ಲ ಮಾಡಿದರೂ ಸಾಯೋದು ಯಾಕೆ?

ಉತ್ತರ: ಪ್ರವಾಹ ಜೋರಿದ್ದರೆ ಬಲೆ ಮಡಚಿ ಮೇಲೆ ಚಪ್ಪರದಂತೆ ಕವಿಯುತ್ತೆ. ಸ್ಪೀಡ್‌ಬೋಟ್‌ಗಳು ಬೆಂಡಿನ ಸಾಲನ್ನು ಎಳೆದು ಹಿಡಿಯೋದು ಅದಕ್ಕೇ. ಬಲೆಯ ಹಗ್ಗ ಎಳೆಯುವ ಯಂತ್ರ (ವಿಂಚ್) ಕೆಟ್ಟು ಕತ್ತಲಾದರೆ ಇನ್ನೂ ಕಷ್ಟ. ಹಾಗಾಗಿ ಸೂರ್ಯಾಸ್ತದ ನಂತರ 30 ನಿಮಿಷದೊಳಗೆ ಬ್ಯಾಕ್‌ಡೌನ್ ಮುಗಿಸಬೇಕೆಂಬ ನಿಯಮವಿದೆ. 1986ರಲ್ಲಿ ಆ ಸಮುದ್ರದಲ್ಲಿ 1.3 ಲಕ್ಷಕ್ಕೂ ಹೆಚ್ಚು ಡಾಲ್ಫಿನ್ ಸತ್ತಿದ್ದವು. 1999ರಲ್ಲಿ ಜಾರಿಯಾದ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ವರ್ಷದ ಮಿತಿಯೇ 5,000. 363 ಟನ್ನಿಗೂ ಹೆಚ್ಚು ಮೀನು ಹಿಡಿಸುವ ಹಡಗುಗಳಲ್ಲಿ ಡಾಲ್ಫಿನ್ ಸಾವಿನ ಲೆಕ್ಕ ಬರೆದಿಡುವ ವೀಕ್ಷಕ ಇರಲೇಬೇಕು. ನನ್ನ ಕೇಳಿದರೆ, ಬಲೆಗಿಂತ ಹೆಚ್ಚು ಕೆಲಸ ಮಾಡಿದ್ದು ಆ ವೀಕ್ಷಕನ ಪುಸ್ತಕ!

ಪ್ರಶ್ನೆ (ಶಿರಾ): ನಮ್ಮ ಅರಬ್ಬಿ ಸಮುದ್ರದಲ್ಲಿ?

ಉತ್ತರ: ಇಲ್ಲಿ ದೊಡ್ಡ ಅಪಾಯ ಟ್ಯೂನಾ ಗಿಲ್‌ನೆಟ್‌ನದು (ನೀರಲ್ಲಿ ಗೋಡೆಯಂತೆ ನಿಂತು ಮೀನನ್ನು ಕಣ್ಣಲ್ಲಿ ಸಿಕ್ಕಿಸುವ ಬಲೆ), ಅದಕ್ಕೆ ಬ್ಯಾಕ್‌ಡೌನ್ ನಡೆಯಲ್ಲ. ಮೇಲಿನ ಹಗ್ಗವನ್ನು ನೀರಿನ ಮಟ್ಟಕ್ಕಿಂತ ಸುಮಾರು 2 ಮೀಟರ್ ಕೆಳಗೆ ಇಳಿಸೋದು ಸುಲಭದ ದಾರಿ. ಡಾಲ್ಫಿನ್ ದೂರವಿರಲೆಂದು ಸದ್ದು ಮಾಡುವ ಪಿಂಗರ್‌ಗಳನ್ನೂ ಬಲೆಯುದ್ದಕ್ಕೂ ಕಟ್ಟಬಹುದು, ಆದರೆ ನಡುವೆ ಒಂದರ ಬ್ಯಾಟರಿ ಸತ್ತರೆ ಆ ಸಂದು ಡಾಲ್ಫಿನ್‌ಗೆ ದಾರಿಯಂತೆ ಕಾಣಬಹುದು, ನೇರ ಬಲೆಗೇ ಬರಬಹುದು. ಹಾಗಾಗಿ ಬಲೆ ಬಿಡುವ ಮುನ್ನ ಪ್ರತಿಯೊಂದೂ ಕೆಲಸ ಮಾಡ್ತಿದೆಯೇ ಅಂತ ಪರೀಕ್ಷಿಸಿ.