ಒಂದೇ ಫೋನು, 32 ಮಕ್ಕಳು: ಇಂಗ್ಲಿಷ್ ಮಾತಾಡಿಸೋದು, ಬರೆಸೋದು ಹೇಗೆ?

ಪ್ರಶ್ನೆ (ಯಲಬುರ್ಗಾ ತಾಲ್ಲೂಕು): ಸರ್, 6ನೇ ತರಗತಿ, 32 ಮಕ್ಕಳು. ಇರೋದು ನನ್ನದೊಂದೇ ಫೋನು, ನೆಟ್ಟು ಬಂದರೆ ಬಂತು. ಪಾಠ ಓದ್ತಾರೆ, ಆದರೆ ಸ್ವಂತ ಒಂದು ವಾಕ್ಯ ಬಾಯಿಂದ ಬರಲ್ಲ. ಬರೆಯೋಕೆ ಕೊಟ್ಟರೆ ಗೈಡ್ ನೋಡಿ ಇಳಿಸ್ತಾರೆ. ಯಾವ ಆ್ಯಪ್ ಹಾಕ್ಕೊಳ್ಳಲಿ?

ಉತ್ತರ: ಮೇಡಂ, ಸದ್ಯ ಆ್ಯಪ್ ಬೇಡ. ಫೋನಿನ ವಾಯ್ಸ್ ರೆಕಾರ್ಡರ್ ಸಾಕು, ನೆಟ್ಟೂ ಬೇಕಿಲ್ಲ. ದಿನಕ್ಕೆ 8 ಮಕ್ಕಳು, ತಲಾ 30 ಸೆಕೆಂಡ್. ರೆಕಾರ್ಡ್ ಮಾಡಿ, ಕೇಳಿಸಿ, ಮತ್ತೊಮ್ಮೆ ಹೇಳಿಸಿದರೆ 12 ನಿಮಿಷ. ನಾಲ್ಕು ದಿನಕ್ಕೆ ತರಗತಿ ಪೂರ್ತಿ. ಫ್ಯಾನ್ ಆರಿಸಿ, ಫೋನು ಬಾಯಿಂದ ಒಂದು ಗೇಣು ದೂರ ಇರಲಿ.

ಕಣ್ಣೆದುರಿನ ವಸ್ತು ಕೊಡಿ. ಮೇಜಿನ ಮೇಲೆ ಒಂದು ಕಿನ್ನಾಳ ಗೊಂಬೆ ಇಟ್ಟು ಮೂರು ವಾಕ್ಯ ಕೇಳಿ. ಮೊದಲು ಬರೋದು "ದಿಸ್ ಡಾಲ್. ಕಲರ್ ರೆಡ್." ಇದು ದಡ್ಡತನ ಅಲ್ಲವೇ ಅಲ್ಲ. ಕನ್ನಡದಲ್ಲಿ "ಇದು ಗೊಂಬೆ" ಅಂದರೆ ವಾಕ್ಯ ಮುಗೀತು. ಇಂಗ್ಲಿಷಿಗೆ ನಡುವೆ "ಈಸ್" ಬೇಕೇ ಬೇಕು. "ಎ", "ದಿ" ಅಂತೂ ನಮ್ಮಲ್ಲಿಲ್ಲ. ರೆಕಾರ್ಡ್ ಕೇಳಿಸುವಾಗ "ದಿಸ್" ಆದ ಕೂಡಲೇ ನಿಲ್ಲಿಸಿ, "ಇಲ್ಲಿ ಏನು ಬಿಟ್ಟಿತು?" ಅನ್ನಿ. ಮಗುವೇ ಹೇಳಲಿ. ಆಮೇಲೆ ತನ್ನ ಎರಡನೇ ರೆಕಾರ್ಡ್ ಕೇಳಿಕೊಂಡು ನೋಟ್‌ಬುಕ್ಕಿಗೆ ಬರೆಯಲಿ. ಆ ವಾಕ್ಯ ಯಾವ ಗೈಡಿನಲ್ಲೂ ಇರಲ್ಲ.

ಪ್ರಶ್ನೆ (ಸಿಂಧನೂರು): ವಾಯ್ಸ್ ಟೈಪಿಂಗ್ ಇಟ್ಟು ಉಚ್ಚಾರಕ್ಕೆ ಅಂಕ ಕೊಡಬಹುದೇನ್ರಿ?

ಉತ್ತರ: ಅಂಕ ಬೇಡ ಸರ್. ಅದು ಅಕ್ಕಪಕ್ಕದ ಪದ ನೋಡಿ ಊಹಿಸುತ್ತೆ. ಮಗು "ಯೆಗ್" ಅಂದರೂ ವಾಕ್ಯದಲ್ಲಿ "ಎಗ್" ಅಂತ ಸರಿಯಾಗಿಯೇ ಬರೆದುಬಿಡಬಹುದು; ಸರಿಯಾಗಿ ಹೇಳಿದ್ದನ್ನ ಗದ್ದಲದಲ್ಲಿ ತಪ್ಪು ಕೇಳಿಸಿಕೊಳ್ಳಲೂಬಹುದು. ಅಭ್ಯಾಸಕ್ಕೆ ಮಾತ್ರ ಬಳಸಿ, ಭಾಷೆ "ಇಂಗ್ಲಿಷ್ ಇಂಡಿಯಾ" ಆಯ್ಕೆ ಮಾಡಿ. "ಬಸ್ಸು", "ಬುಕ್ಕು" ಅಂತ ಕೊನೆಗೆ ಉಕಾರ ಸೇರೋದನ್ನ ನಿಮ್ಮ ಕಿವಿಯೇ ಹಿಡಿಯಬೇಕು.

ಪ್ರಶ್ನೆ: ಫೋನಲ್ಲಿ ಟೈಪ್ ಮಾಡಿದರೆ ಸ್ಪೆಲಿಂಗ್ ತಪ್ಪೇ ಇರಲ್ಲ, ಹಾಳೆ ಮೇಲೆ ತುಂಬಾ ತಪ್ಪು. ಯಾಕೆ?

ಉತ್ತರ: ಕೀಬೋರ್ಡು ತಿದ್ದುತ್ತಿದೆ, ಮಗು ಕಲೀತಿಲ್ಲ. ಜಿಬೋರ್ಡಿನ (ಗೂಗಲ್ ಕೀಬೋರ್ಡ್) ಸೆಟ್ಟಿಂಗ್ಸ್‌ಗೆ ಹೋಗಿ, ಕರೆಕ್ಷನ್ ವಿಭಾಗದ ಒಳಗೆ ಆಟೋ ಕರೆಕ್ಷನ್ ಮತ್ತು ಪದ ಸೂಚಿಸೋ ಪಟ್ಟಿ ಎರಡನ್ನೂ ಆಫ್ ಮಾಡಿ. ಪಟ್ಟಿ ಉಳಿದರೆ ಮೊದಲೆರಡು ಅಕ್ಷರ ಒತ್ತಿ ಪದ ಆರಿಸಿಬಿಡ್ತಾರೆ.

ಓದೋಕೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಅನ್ನೋ ಮಕ್ಕಳ ಕಥೆಗಳ ಜಾಲತಾಣ ಇದೆ, 2015ರಿಂದ. ಉಚಿತ, ಸುಲಭದಿಂದ ಕಷ್ಟದವರೆಗೆ ಓದಿನ ನಾಲ್ಕು ಹಂತ. ಎಷ್ಟೋ ಕಥೆ ಕನ್ನಡ, ಇಂಗ್ಲಿಷ್ ಎರಡರಲ್ಲೂ ಸಿಗುತ್ತವೆ. ನೆಟ್ಟು ಇರೋ ಕಡೆ ಇಳಿಸಿಟ್ಟುಕೊಳ್ಳಿ. 6ನೇ ತರಗತಿಯಾದರೂ 1ನೇ ಹಂತದಿಂದಲೇ ಶುರು ಮಾಡಿ, ಸಂಕೋಚ ಬೇಡ.

ಪ್ರಶ್ನೆ (ಯಲಬುರ್ಗಾ): ಎಲ್ಲ ತಪ್ಪೂ ತಿದ್ದಲಾ?

ಉತ್ತರ: ವಾರಕ್ಕೆ ಒಂದೇ ನಮೂನೆ ತಪ್ಪು. ಈ ವಾರ "ಈಸ್" ಬಿಟ್ಟಿದ್ದಕ್ಕೆ ಮಾತ್ರ ಗೆರೆ ಎಳೆಯಿರಿ. ಹಾಳೆ ತುಂಬ ಕೆಂಪು ಮಾಡಿದರೆ ಮುಂದಿನ ವಾರ ಮೂರು ವಾಕ್ಯ ಬರೆಯೋ ಮಗು ಒಂದಕ್ಕೇ ನಿಲ್ಲಿಸುತ್ತೆ.